ಚಪ್ಪಾಳೆಯವನ ಲೆಕ್ಕ

ಪೋಸ್ಟರಿನಲ್ಲಿ ನನ್ನ ಹೆಸರು ಯಾವತ್ತೂ ಇರಲಿಲ್ಲ.
ಅರಸೆಲಿ ಅಂತ ದಪ್ಪಕ್ಷರ, ಕೆಳಗೆ ಪಿಯಾನೋ, ಬಾಸ್, ಡ್ರಮ್ಸ್,
ತೀರಾ ತಳದಲ್ಲಿ, ಮುದ್ರಕನ ವಿಳಾಸಕ್ಕೆ ತಾಗಿ,
'ಚಪ್ಪಾಳೆ' ಅಂತ ಒಂದು ಪದ.
ಅದು ನಾನು. ಮೂವತ್ತೊಂದು ವರ್ಷ.

ಕಾದಿಸ್ ಕೊಲ್ಲಿಯ ಉಪ್ಪಿನ ಮಡಿಗಳ ಪಕ್ಕ ನಮ್ಮ ಓಣಿ.
ಅವಳಮ್ಮ ರೋತಾದ ಅಮೆರಿಕನ್ ನೆಲೆಯಲ್ಲಿ
ನಾವಿಕರ ಹಾಸುಬಟ್ಟೆ ಒಗೆಯುತ್ತಿದ್ದಳು.
ಒಂದು ಸಂಜೆ ಕೂಲಿಯ ಬದಲು
ಹಿಡಿ ಮುರಿದ ರೇಡಿಯೋ ಹೊತ್ತು ಬಂದಳು.
ಮುಳ್ಳು ಒಂದೇ ಕಡೆ ಕಚ್ಚಿಕೊಂಡಿತ್ತು:
ರಾತ್ರಿಯಿಡೀ ಜಾಝ್,
ನಡುನಡುವೆ ಯಾರದೋ ಊರಿನ ಹವಾಮಾನ.

ಅದೇ ಅಡಿಗೆಮನೆಯಲ್ಲಿ ಸೋದರತ್ತೆ ಅಂಗುಸ್ತಿಯಾಸ್
ಸಿಗಡಿ ಸುಲಿಯುತ್ತ ಸೆಗಿರಿಯಾ ಹಾಡುವಳು,
ಸತ್ತ ಗಂಡನನ್ನು ಕರೆಯುವ ಹಾಗಲ್ಲ,
ಅವನುಳಿಸಿದ ಬಾಕಿಯ ವಸೂಲಿಗೆ ನಿಂತ ಹಾಗೆ.
ಅತ್ತೆ ಉಸಿರೆಳೆಯುವ ಸಂದಿಯಲ್ಲಿ
ಸ್ಯಾಕ್ಸೋಫೋನು ನುಸುಳುತ್ತಿತ್ತು.
'ಅದನ್ನು ಆರಿಸೇ.'
ಇವಳು ಆರಿಸಲಿಲ್ಲ.
ನಾನು ಮೇಜಿನ ಕೆಳಗೆ ಕೂತು ಎಣಿಸುತ್ತಿದ್ದೆ.

ಬುಲೆರಿಯಾ ಅಂದರೆ ಹನ್ನೆರಡು.
ಮೂರಕ್ಕೆ ತೂಕ, ಆರಕ್ಕೆ, ಎಂಟಕ್ಕೆ,
ಹತ್ತಕ್ಕೆ ಬಾಗಿಲು ಮುಚ್ಚುತ್ತದೆ.
ಹನ್ನೊಂದು ಯಾರದೂ ಅಲ್ಲ.

ಮದ್ರಿದ್‌ನಲ್ಲಿ ಒಂದು ನೆಲಮಾಳಿಗೆ,
ಬಿಯರ್ ಪೆಟ್ಟಿಗೆಗಳ ಮೇಲೆ ಹಲಗೆ ಹಾಸಿದ ರಂಗ.
ಪಿಯಾನೋಗೆ ಜಿರೋನಾ ಕಡೆಯ ಫೆರಿಯೋಲ್,
ನುಡಿಸದಾಗೆಲ್ಲ ಹಲ್ಲುನೋವಿನವನಂತೆ ಕೆನ್ನೆ ಹಿಡಿದು ಕೂರುವವನು.
ನಮ್ಮ ಹನ್ನೆರಡು ಅವನಿಗೆ ತಿಳಿಯದು,
ಅವನ ತೇಲುನಡೆ ನಮಗೆ ತಿಳಿಯದು.
ಮೂರು ವಾರ ಒಬ್ಬರ ಕಾಲು ಒಬ್ಬರು ತುಳಿದದ್ದೇ ಬಂತು.

ಆಮೇಲೆ ಒಂದು ಗುರುವಾರ. ಕೇಳುವವರು ಒಂಬತ್ತು ಜನ.
ಹತ್ತರ ಮೇಲೆ ಅವಳು ಸ್ವರ ಕಡಿಯಲಿಲ್ಲ,
ಹನ್ನೊಂದರೊಳಕ್ಕೆ ಎಳೆದಳು,
ಕತ್ತಲ ಕೋಣೆಗೆ ಬರಿಗಾಲಿಟ್ಟ ಹಾಗೆ.
ನನ್ನ ಕೈ ಗಾಳಿಯಲ್ಲೇ ನಿಂತಿತು.
ಫೆರಿಯೋಲ್ ಒಂದೇ ಒಂದು ಮನೆ ಒತ್ತಿದ. ತಪ್ಪು ಮನೆ.
ಆ ತಪ್ಪಿನ ಮೇಲೆಯೇ ಅವಳು ಕೂತಳು,
ಕೊನೆಗೂ ಕುರ್ಚಿ ಸಿಕ್ಕವಳಂತೆ.

ಊರಿಗೆ ಬಂದು ಅದನ್ನೇ ಹಾಡಿದಾಗ
ಮುಂದಿನ ಸಾಲು ಕಿರ್ರೆಂದು ಎದ್ದಿತು.
'ಉಪ್ಪುಂಡ ಮನೆಗೆ ಎರಡು ಬಗೆದಳು'
ಅಂದ ಮುದುಕ ಕ್ರಿಸಾಂತೋ,
ಉಪ್ಪಿನ ಮಡಿಯಲ್ಲೇ ಬೆನ್ನು ಸುಟ್ಟುಕೊಂಡವನು.
ಅವಳು ಮೈಕಿನಲ್ಲೇ ಅಂದಳು:
'ಮಾವ, ಹೊರಗೆ ಮಳೆ. ಛತ್ರಿ ಮರೆತಿದ್ದೀರಿ.'
ಛತ್ರಿಗೆಂದು ಮರಳಿದವನು ಬಾಗಿಲಲ್ಲೇ ನಿಂತ.
ಎಷ್ಟು ಹೊತ್ತೋ. ನನ್ನ ಕೈ ಬಿಡುವಿರಲಿಲ್ಲ.

ಆಮೇಲಿನದು ಪತ್ರಿಕೆಗಳಲ್ಲಿದೆ: ಏಳು ರೆಕಾರ್ಡು, ಎರಡು ಮದುವೆ.
ಕೆಲವರಿಗೆ ಅದು ಫ್ಲಮೆಂಕೊ ಅಲ್ಲ, ಕೆಲವರಿಗೆ ಜಾಝ್ ಅಲ್ಲ,
ಟಿಕೇಟು ಮಾತ್ರ ಇಬ್ಬರೂ ಕೊಂಡರು.
ಓಸ್ಲೋದಲ್ಲಿ ಕೊಟ್ಟ ಗಾಜಿನ ಪ್ರಶಸ್ತಿಯಲ್ಲಿ
ಅವಳು ಆಲಿವ್ ಬೀಜ ಉಗಿಯುತ್ತಿದ್ದಳು.
ಫೆರಿಯೋಲ್ ಮಣ್ಣಿಗೆ ಹೋದ ದಿನ ಹಾಡು ಅಂದರು, ಹಾಡಲಿಲ್ಲ.
ಅವನ ಮನೆಗೆ ಹೋಗಿ ಆ ತಪ್ಪು ಮನೆಯನ್ನೊಮ್ಮೆ ಒತ್ತಿ
ಪಿಯಾನೋದ ಮುಚ್ಚಳ ಮುಚ್ಚಿದಳು.

ಈಗ ನನ್ನ ಬೆರಳ ಗೆಣ್ಣು ಶುಂಠಿಯ ಕೊಂಬು.
ಒಂದೇ ಕೈಯಲ್ಲಿ ಚಪ್ಪಾಳೆಯಾಗದು ಅನ್ನುತ್ತಾರೆ,
ಎರಡರಲ್ಲೂ ಆಗದ ಕಾಲವೊಂದು ಬರುತ್ತದೆ, ಅದನ್ನು ಯಾರೂ ಅನ್ನುವುದಿಲ್ಲ.
ಅವಳ ಗಂಟಲಿಗೆ ಕತ್ತರಿ ಬಿದ್ದಿದೆ, ಮಾತು ಕೂಡದಂತೆ.

ಮೊನ್ನೆ ರಾತ್ರಿ ಫೋನು. ಹಲೋ ಇಲ್ಲ.
ಮೇಜಿಗೆ ಗೆಣ್ಣು ಬಡಿದ ಸದ್ದು:
ಮೂರು, ಆರು, ಎಂಟು,
ಹತ್ತು.

ನಾನು ತುಟಿ ಬಿಚ್ಚಲಿಲ್ಲ.
ಆ ಬದಿಯಲ್ಲಿ, ಅವಳ ಹಿಂದೆ ಎಲ್ಲೋ,
ರೇಡಿಯೋ ಒಂದು
ಯಾರದೋ ಊರಿನ ಹವಾಮಾನ ಹೇಳುತ್ತಿತ್ತು.