ಹದಿನಾರನೇ ಟೋಕನ್

ಬೋರ್ಡಿನಲ್ಲಿ ಜಾಗ ಸಾಲಲಿಲ್ಲ.
ಒದ್ದೆಬಟ್ಟೆಯಲ್ಲಿ ಒರೆಸಿ, ಒಣಗಲು ಬಿಟ್ಟು
ಮೇಲಿನಿಂದ ಬರೆಯುತ್ತ ಬಂದೆ:
ಡಾ. ಸಂಪಂಗಿರಾಮ್ ಇನ್ನು ಮುಂದೆ ಕೂರುವುದಿಲ್ಲ.
ಡಾ. ನಿಖತ್, ಸೋಮವಾರದಿಂದ ಶನಿವಾರ, ಹತ್ತರಿಂದ ಒಂದು.
ಹಳೇ ಚೀಟಿ ನಡೆಯುವುದಿಲ್ಲ, ಮೂರು ತಿಂಗಳಿಗೊಮ್ಮೆ
ಖುದ್ದಾಗಿ ಬಂದು ಬರೆಸಿಕೊಳ್ಳತಕ್ಕ
ಅಷ್ಟರಲ್ಲಿ ಸೀಮೆಸುಣ್ಣ ಮುಗಿಯಿತು.
ಉಳಿದ 'ದ್ದು' ಬೆರಳಿನ ಪುಡಿಯಲ್ಲೇ ತೀಡಿದೆ.

ಹೇಗೂ ಯಾರೂ ಓದುವುದಿಲ್ಲ.
ನೀಲಸಂದ್ರದಲ್ಲಿ ಬೋರ್ಡು ಇರುವುದು
ಅದರ ಕೆಳಗೆ ನಿಂತು ನನ್ನನ್ನು ಕೇಳುವುದಕ್ಕೆ.

"ಏನಮ್ಮಾ, ದೊಡ್ಡ ಡಾಕ್ಟ್ರು ಹೋಗ್ಬಿಟ್ರಂತೆ?"
ಹೋಗ್ಬಿಟ್ರು ಅನ್ನಬೇಡಿ, ರಿಟೈರಾದರು.
ಹೊಸಕೋಟೆ ಹತ್ತಿರ ಮಗಳ ಮನೆ. ಚೆನ್ನಾಗಿದ್ದಾರೆ.
ಮೊನ್ನೆ ಫೋನ್ ಮಾಡಿದ್ದರು, ಟಾರ್ಚ್ ಬಿಟ್ಟು ಬಂದೆ ಅಂತ.
ಡ್ರಾಯರಿನಲ್ಲಿದೆ ಸಾರ್, ಅಂದೆ.
ಇರಲಿ ಬಿಡು, ಅಂದರು.
ಆಮೇಲೆ ಇಬ್ಬರೂ ಸುಮ್ಮನೆ
ಲೈನಿನಲ್ಲೇ ಇದ್ದೆವು ಸ್ವಲ್ಪ ಹೊತ್ತು.

ಕಾಂಪೌಂಡರ್ ಚೌಡಯ್ಯ ಅವರ ಹಿಂದೆಯೇ ಹೊರಟ.
ಇಪ್ಪತ್ತೊಂಬತ್ತು ವರ್ಷ ಕೆಮ್ಮಿನ ಔಷಧಿ ಬೆರೆಸಿದವನು,
ಬಾಟಲಿಗೆ ಅಂಟಿಸುವ ಕಾಗದದ ಪಟ್ಟಿ,
ಹಲ್ಲು ಹಲ್ಲಾಗಿ ಕತ್ತರಿಸಿದ್ದು, ಹಲ್ಲಿಗೊಂದು ಹೊತ್ತು,
ಅದನ್ನೂ ಕತ್ತರಿಯನ್ನೂ ಚೀಲಕ್ಕೆ ಹಾಕಿಕೊಂಡ.
ಯಾರೂ ತಡೆಯಲಿಲ್ಲ. ಇನ್ನು ಅದರ ಕೆಲಸವೂ ಇಲ್ಲ.

ಸಿಸ್ಟರ್ ಅರೋಕ್ಯಮೇರಿ ಇದ್ದಾರೆ. ನಾನಿದ್ದೇನೆ.
ನನಗೊಂದು ಕಂಪ್ಯೂಟರು, ಕೊರಳಿಗೆ ನೀಲಿ ಪಟ್ಟಿ,
ಪಟ್ಟಿಯಲ್ಲಿ 'ಫ್ರಂಟ್ ಆಫೀಸ್'.
ಮೊದಲು 'ಏಯ್ ಜಯಶೀಲಾ' ಆಗಿತ್ತು.
ಸಂಬಳ ಅಷ್ಟೇ.

ಮಂಗಳವಾರ ಮುನಿವೆಂಕಟಮ್ಮ ಬಂದಳು.
ಸೊಪ್ಪಿನ ಬುಟ್ಟಿ ಬಾಗಿಲಲ್ಲಿಳಿಸಿ
ಸೆರಗಿನ ಗಂಟು ಬಿಚ್ಚಿ ಚೀಟಿ ತೆಗೆದಳು.
ಮಡಿಕೆ ಮಡಿಕೆಗೂ ಸೆಲ್ಲೋಟೇಪು, ಮೂಲೆಯಲ್ಲಿ ದಂಟಿನ ಕೆಂಪು ಕರೆ.
ಮಂಡಿನೋವಿಗೆ ಸಾರ್ ಬರೆದ ಮಾತ್ರೆ,
ದಿನಕ್ಕೆ ಎರಡು, ನಾಲ್ಕು ದಿನ.
ಅವಳು ನುಂಗುತ್ತಿರುವುದು ಇದು ಆರನೇ ವರ್ಷ.

ಮೇಡಂ ಚೀಟಿ ನೋಡಿದರು, ಬಿ.ಪಿ. ನೋಡಿದರು.
ಕುರ್ಚಿಯಿಂದಿಳಿದು ನೆಲಕ್ಕೆ ಮಂಡಿಯೂರಿ
ಅವಳ ಕಣಕಾಲಿಗೆ ಹೆಬ್ಬೆರಳು ಒತ್ತಿದರು.
ಬಿಸಿ ಮುದ್ದೆಗೆ ಬೆರಳಿಟ್ಟ ಹಾಗೆ ಕುಳಿ ಬಿತ್ತು,
ಬೇಗ ಮೇಲೇಳಲಿಲ್ಲ.
ಎದ್ದು ಬಂದು ಆ ಮಾತ್ರೆಯ ಮೇಲೆ
ಸ್ಕೇಲಿಟ್ಟು ಎಳೆದಂಥ ಒಂದು ಗೆರೆ.

ಬೀದಿಗೆಲ್ಲ ಕೇಳಿಸಿತು.
"ದೊಡ್ಡೋರು ಬರ್ದಿದ್ದನ್ನ ಹೊಡ್ದಾಕ್ತಾಳೆ!
ನಿನ್ನೆ ಬಂದೋಳು, ಕುರ್ಚಿ ಇನ್ನೂ ಬಿಸಿಯಾಗಿಲ್ಲ!"
ಎಸೆದ ಟೋಕನ್ನು, ಹದಿನಾರು,
ಬೆಂಚಿನ ಕೆಳಗೆಲ್ಲೋ ಉರುಳಿ ಹೋಯಿತು.
ಅಂದಿನಿಂದ ಹದಿನೈದಾದ ಮೇಲೆ
ಹದಿನೇಳನ್ನು ಕೂಗುತ್ತೇನೆ.

ಒಳಗೆ ಮೇಡಂ ಕೈ ತೊಳೆಯುತ್ತಿದ್ದರು, ಬಹಳ ಹೊತ್ತು.
"ಸಾರ್ ತಪ್ಪೇನೂ ಬರೆದಿಲ್ಲ" ಅಂದರು, ಬೆನ್ನು ತಿರುಗಿಸದೆ.
"ನಾಲ್ಕು ದಿನ ಅಂತಲೇ ಇದೆ.
ಯಾರೂ ಎಣಿಸಿಲ್ಲ, ಅಷ್ಟೆ."

ಸಾರಿಗೆ ಗೊತ್ತಿತ್ತೋ ಇಲ್ಲವೋ ನಾನರಿಯೆ.
ನನಗೆ ಗೊತ್ತಿತ್ತು.
ಆರು ವರ್ಷ ತಿಂಗಳಿಗೊಮ್ಮೆ
ಟೋಕನ್ ಇಲ್ಲದೆ ಬಂದು ಅವಳು ಚೀಟಿ ಚಾಚುತ್ತಿದ್ದಳು,
ಮೆಡಿಕಲ್ ಶಾಪಿನವನು ಸೀಲಿಲ್ಲದೆ ಕೊಡುವುದಿಲ್ಲ ಅಂತ.
ಪಾಪ, ಸೊಪ್ಪು ಬಾಡುತ್ತದೆ, ಕಾಯಿಸುವುದೇಕೆ ಅಂತ
ನಾನೇ ಸೀಲು ಒತ್ತುತ್ತಿದ್ದೆ.
ಒಳ್ಳೆಯವಳು ಅನ್ನಿಸಿಕೊಳ್ಳಲು ಎಷ್ಟು ಹೊತ್ತು ಬೇಕು?
ಒಂದು ಸೀಲು ಒತ್ತುವಷ್ಟು.

ಆ ಸಂಜೆ ಸಾರಿನ ಟಾರ್ಚ್ ತೆಗೆದು
ಬೆಂಚಿನ ಕೆಳಗೆ ಬಿಟ್ಟು ನೋಡಿದೆ.
ಸೆಲ್ಲು ಸತ್ತಿತ್ತು.

ನಾಲ್ಕು ವಾರ ಅವಳ ಸುಳಿವಿಲ್ಲ.
ಆನೇಪಾಳ್ಯದ ಕಡೆ ಕೂಗುತ್ತಾಳೆಂದು ಯಾರೋ ಹೇಳಿದರು,
ನಮ್ಮ ಬೀದಿಗೆ ಮೆಂತ್ಯವೂ ಇಲ್ಲ, ಬೈಗುಳವೂ ಇಲ್ಲ.

ಇವತ್ತು ಬಂದಳು. ನನ್ನ ಮುಖ ನೋಡಲಿಲ್ಲ.
ಬಾಗಿಲಲ್ಲಿ ಬಗ್ಗಿ ಚಪ್ಪಲಿ ಬಿಚ್ಚಿದಳು.
ಕೊನೇ ತೂತಿನಲ್ಲಿ ಬಿಗಿದು ಸವೆದಿದ್ದ ಪಟ್ಟಿ
ಎರಡು ತೂತು ಒಳಕ್ಕೆ ಬಂದಿತ್ತು.

"ಅದೇ ಹುಡುಗೀನಾ ಒಳಗೆ?"
ಅದೇ.
"ಮಂಡಿ ಇನ್ನೂ ನೋಯ್ತದೆ. ಬಯ್ಯಾಕ್ ಬಂದಿವ್ನಿ.
ಎಷ್ಟನೇದು ನಂದು?"