ಆರರಲ್ಲೊಂದು ಚೂರು

ಅಕ್ರಾದ ಕಡಲಂಚಿಗೆ, ಚೋರ್ಕೋರಿನಲ್ಲಿ,
ಮೀನಿಗೆ ಹೊಗೆ ಹಾಕುವ ಒಲೆಗಳ ಸಾಲು ಮುಗಿದು ಎಡಕ್ಕೆ
ನನ್ನ ಕೆಂಕಿ ಅಂಗಡಿ.
ಅಂಗಡಿ ಎಂದರೆ ಒಂದು ಮೇಜು, ಒಂದು ಹಂಡೆ, ನಾನು.
ಹುಳಿ ಬಂದ ಮೆಕ್ಕೆಜೋಳದ ಹಿಟ್ಟು,
ಉಂಡೆ ಕಟ್ಟಿ, ತೆನೆಯ ಸಿಪ್ಪೆ ಸುತ್ತಿ, ಬೇಯಿಸಿದ್ದು.
ಒಂದಕ್ಕೆ ಐದು ಸೆಡಿ.
ಹೋದ ವರ್ಷವೂ ಐದು. ಈ ವರ್ಷವೂ ಐದು.
"ದೇದೇಯಿ ಬೆಲೆ ಏರಿಸುವವಳಲ್ಲ" ಎಂದು
ಬೀದಿಯಲ್ಲಿ ಒಳ್ಳೆಯ ಹೆಸರು.

ಹೆಸರಿಗೇನು! ಅಮೆರ್ಲಿ ಶಾಲೆಯಿಂದ ಬಂದವಳೇ
ಒಂದು ಉಂಡೆ ಎತ್ತಿಕೊಂಡು
ಮಾಂಸದಂಗಡಿ ಲಾರ್ಯೆಯ ತಕ್ಕಡಿಗೆ ಓಡಿದಳು.
ಮುನ್ನೂರಿಪ್ಪತ್ತು ಗ್ರಾಂ.
ಹೋದ ವರ್ಷ ನಾನೂರಿತ್ತು, ಅದೂ ಅವಳ ನೋಟುಪುಸ್ತಕದ
ಕೊನೆಯ ಪುಟದಲ್ಲಿದೆ.
ಎಲ್ಲ ಬರೆದಿಡುವ ಚಾಳಿ, ಅವರಪ್ಪನದು.

"ಅಮ್ಮಾ, ನೀನು ಬೆಲೆ ಏರಿಸಿದ್ದೀಯ. ಶೇಕಡಾ ಇಪ್ಪತ್ತೈದು."

ಏರಿಸಿಲ್ಲವೇ ತಾಯಿ, ಇಳಿಸಿದ್ದು, ಉಂಡೆಯನ್ನು.
ನೂರಕ್ಕೆ ಇಪ್ಪತ್ತು. ಅಷ್ಟು ಲೆಕ್ಕ ನನಗೂ ಬರುತ್ತೆ.
ನಾನೂರರ ಮೂಟೆ ಆರುನೂರಾದಾಗ
(ಅದು ಶೇಕಡಾ ಐವತ್ತು, ಅದನ್ನೂ ಬರೆದುಕೋ)
ಕೈ ತಾನಾಗಿ ಸಣ್ಣದಾಯಿತು.
ಒಂದೇ ದಿನಕ್ಕಲ್ಲ. ಉಗುರಿನಷ್ಟು, ಆಮೇಲೆ ಇನ್ನೊಂದು ಉಗುರಿನಷ್ಟು.
ರಾತ್ರಿ ಮೂರು ಗಂಟೆಗೆ, ಒಲೆಯ ಬೆಳಕಲ್ಲಿ,
ಅಂಗೈಗೆ ಯಾರ ಸಾಕ್ಷಿ?

ಅವಳು ಸೀಮೆಸುಣ್ಣದಲ್ಲಿ ಮೇಜಿನ ಮೇಲೇ ಬರೆದಳು:
ಆಗ ಒಂದು ಸೆಡಿಗೆ ಎಂಬತ್ತು ಗ್ರಾಂ.
ಈಗ ಅರವತ್ನಾಲ್ಕು.
ಆ ಎಂಬತ್ತೇ ಬೇಕೆಂದರೆ ಒಂದೂಕಾಲು ಸೆಡಿ.
ನಾನು ಕದ್ದದ್ದು ಇಪ್ಪತ್ತು, ಕೊಂಡವರಿಗೆ ಬಿದ್ದದ್ದು ಇಪ್ಪತ್ತೈದು!
ನಡುವಿನ ಐದು ಎಲ್ಲಿ ಅಡಗಿತ್ತು?
ಹಂಡೆಯ ಕೆಳಗೆ ಬಗ್ಗಿ ನೋಡಿದೆ.
ಬೂದಿ ಇತ್ತು.

"ಕಳೆದದ್ದು ಅದೇ ಎಂಬತ್ತು ಗ್ರಾಂ ಅಮ್ಮಾ.
ನಾನೂರರ ಪಕ್ಕ ನಿಂತರೆ ಇಪ್ಪತ್ತು,
ಮುನ್ನೂರಿಪ್ಪತ್ತರ ಪಕ್ಕ ನಿಂತರೆ ಇಪ್ಪತ್ತೈದು."
ಅದು ತಿಳಿಯಿತು. ನನ್ನ ಎತ್ತರವೂ ಹಾಗೇ,
ಅಕ್ಕನ ಪಕ್ಕ ಒಂದು, ಅತ್ತೆಯ ಪಕ್ಕ ಇನ್ನೊಂದು.

ಗಾರೆ ಕೆಲಸದ ಓಕಾಯ್ ನೆನಪಾದ.
ದಿನಾ ಒಂದು ಉಂಡೆ, ಮೆಣಸಿನ ಗೊಜ್ಜು, ಹುರಿದ ಮೀನು.
ಈಚೆಗೆ ಮೀನಿಲ್ಲ.
ಸಿಪ್ಪೆ ಬಿಚ್ಚುವ ಮೊದಲು ಅಂಗೈಯಲ್ಲಿ
ಎರಡು ಸಲ ತೂಗಿ ನೋಡುತ್ತಿದ್ದ. ಇಟ್ಟಿಗೆ ಹಿಡಿದ ಕೈ.
ಗೊತ್ತಿತ್ತು ಅವನಿಗೆ. ತುಟಿ ಬಿಚ್ಚಲಿಲ್ಲ.

"ಸಮೀಕರಣ ಮಾಡೋಣ," ಅಂದಳು ಮಗಳು.
ಮಾರಿ ಬಂದದ್ದು, ಕಳೆ ಜೋಳ, ಕಳೆ ಇದ್ದಿಲು, ಕಳೆ ನೀರಿನ ಗಾಡಿ,
ಕಳೆ ಬಾಡಿಗೆ (ಮನೆಯೊಡೆಯ ಎರಡು ವರ್ಷದ್ದು ಒಟ್ಟಿಗೇ ಕೇಳುತ್ತಾನೆ,
ಇಪ್ಪತ್ನಾಲ್ಕರಿಂದ ಭಾಗಿಸು),
ಉಳಿದದ್ದು ಎಕ್ಸ್.
ನಾನು ಮೂರಕ್ಕೆ ಎದ್ದದ್ದು ಯಾವ ಕಡೆ ಬರುತ್ತೆ?
ಸೀಮೆಸುಣ್ಣ ಕಚ್ಚಿಕೊಂಡು ಯೋಚಿಸಿದಳು.
"ಅದಕ್ಕೆ ಅಂಕಿ ಕೊಟ್ಟಿಲ್ಲ."

ಸರಿ, ನಾಳೆಯಿಂದ ಹಳೇ ಉಂಡೆ. ಬೆಲೆ ಎಷ್ಟು?
"ಆರೂಕಾಲು."
ಕಾಲಿಗೆ ಚಿಲ್ಲರೆ ಯಾರಪ್ಪ ಕೊಡುತ್ತಾನೆ? ಆರು.
"ಹಾಗಾದರೆ ನೂರಕ್ಕೆ ನಾಲ್ಕು ನಿನ್ನ ಮೈಮೇಲೆ."
ಇರಲಿ ಬಿಡು. ಮೈ ದೊಡ್ಡದಿದೆ.

ಬೆಳಿಗ್ಗೆ ಓಕಾಯ್ ಐದು ಸೆಡಿ ಇಟ್ಟ.
ಆರು, ಅಂದೆ.
ಜೇಬಿಗೆ ಕೈ ಹಾಕಿದ, ಜೇಬಿನ ಒಳಬಟ್ಟೆ ಹೊರಗೆ ಬಂತು.
ಅವನೆದುರೇ ಸಿಪ್ಪೆ ಬಿಚ್ಚಿ
ಆರರಲ್ಲೊಂದು ಪಾಲು ಚಿವುಟಿ ತೆಗೆದೆ.
"ಮುನ್ನೂರ ಮೂವತ್ತಮೂರು," ಅಮೆರ್ಲಿ ಪಿಸುಗುಟ್ಟಿದಳು,
"ನಿನ್ನೆಗಿಂತ ಹದಿಮೂರು ಜಾಸ್ತಿ."
ಅವನಿಗದು ಕೇಳಲಿಲ್ಲ. ಕಂಡದ್ದು ನನ್ನ ಬೆರಳು,
ಹಾಡುಹಗಲಲ್ಲಿ.
ತೂಗಿ ನೋಡಲಿಲ್ಲ ಈ ಸಲ.
ಬೈದ, ಬಾಯ್ತುಂಬ,
ಇಷ್ಟು ದಿನದ್ದೆಲ್ಲ ಸೇರಿಸಿ.
ಆಮೇಲೆ ಕೂತು ತಿಂದ.

ಸಂಜೆವರೆಗೆ ಐದೇ ತಂದವರು ಆರು ಜನ.
ಚೂರಿಗೆ ಚೂರು ಒತ್ತಿ ಅಮೆರ್ಲಿ ಉಂಡೆ ಕಟ್ಟಿದಳು.
ಲಾರ್ಯೆ ಇನ್ನೂ ಬಾಗಿಲು ಹಾಕಿರಲಿಲ್ಲ.
ಮುನ್ನೂರ ತೊಂಬತ್ತು ತೋರಿಸಿತು ತಕ್ಕಡಿ.
"ನಾನೂರಿರಬೇಕಿತ್ತು," ಹುಬ್ಬು ಗಂಟಿಕ್ಕಿದಳು.
ಉಳಿದ ಹತ್ತು ನನ್ನ ಬೆರಳಿಗೆ ಅಂಟಿತ್ತು.
ನೆಕ್ಕಿಕೊಂಡೆ.