ಮುಷ್ಟಿಯೊಳಗೇನು

ಚಾಂದಿವಲಿಯ ಶೆಡ್ಡಿನಲ್ಲಿ ಫ್ಯಾನು ಹಾಕುವಂತಿಲ್ಲ,
ಮೈಕಿಗೆ ಗಾಳಿ ಕೇಳುತ್ತದಂತೆ.
ತೊಂಬತ್ನಾಲ್ಕರ ಏಪ್ರಿಲ್. ಐತಪ್ಪಣ್ಣನ ಪೌಡರು
ಕಿವಿಯ ಹಿಂದಿನಿಂದ ಕಾಲರಿಗೆ ಇಳಿಯುತ್ತಿತ್ತು.
ನಾನು ಸಾಮಾನು ಎತ್ತಿಕೊಡುವ ಹುಡುಗ.
ಸಂಬಳವಿಲ್ಲ, ಎರಡು ಹೊತ್ತು ಊಟ,
ಕೊನೆಯಲ್ಲಿ ಹೆಸರು ಬರುತ್ತದೆ ಅಂದಿದ್ದರು ಪಡಿಯಾರರು.

ಹೆಸರು ಬರಲಿಲ್ಲ. ಆಟವೇ ಬರಲಿಲ್ಲ.

ಆಟ ಇಷ್ಟೆ: ಐತಪ್ಪಣ್ಣ ಮುಷ್ಟಿ ಕಟ್ಟಿ ನಿಲ್ಲುತ್ತಾನೆ,
ಒಳಗೇನೆಂದು ಮೂವರು ಕೇಳಿ ಕೇಳಿ ಹೇಳಬೇಕು.
ಗಟ್ಟಿಯೇ? ನನ್ನ ಹೆಂಡತಿ ಮಾಡಿದ ಚಕ್ಕುಲಿಗಿಂತ ಮೆತ್ತಗೆ.
ಸರಕಾರದ್ದೇ? ಸರಕಾರದ್ದಾದರೆ ಮುಷ್ಟಿಯಲ್ಲಿ ಉಳಿಯುತ್ತಿತ್ತೇ?
ಸರಿಯುತ್ತರಕ್ಕೆ ಗಂಟೆಯಿಲ್ಲ, ದೀಪವಿಲ್ಲ,
ವಡಾಳಾ ಡಿಪೋದಿಂದ ಅವನೇ ತಂದ ಟಿಕೇಟಿನ ಪಂಚು,
ಟಿಕ್ ಟಿಕ್ ಟಿಕ್,
ಹಸಿರು ಕಾಗದಕ್ಕೆ ಮೂರು ತೂತು, ಮೂರು ಅಂಕ.
ಹದಿನೆಂಟು ವರ್ಷ ಬಸ್ಸಿನಲ್ಲಿ ಸವೆದ ಬೆರಳು,
ಭಾನುವಾರ ಮಾತ್ರ ರಂಗದ ಮೇಲೆ.
ಸ್ಪರ್ಧಿಗಳನ್ನೂ ಹಾಗೆಯೇ ಕರೆದ:
ಪುಢೆ ಚಲಾ, ಪುಢೆ ಚಲಾ,
ಮುಂದೆ ಪೂರ್ತಿ ಖಾಲಿ, ಹಿಂದೆ ಯಾಕೆ ಜೋತಾಡ್ತೀರಿ?

ಪ್ರೇಕ್ಷಕರೆಂದರೆ ಮಾಟುಂಗದ ಹೊಟೇಲು ಹುಡುಗರು,
ಒಂದು ಟೆಂಪೋ. ಬೆಳಗಿನ ಪಾಳಿ ಮುಗಿಸಿ ಬಂದವರು,
ಅರ್ಧಕ್ಕರ್ಧ ನಿದ್ದೆ.
ನಗಬೇಕಾದಲ್ಲಿ ನಗಲಿಲ್ಲ,
ಚಹಾ ಬಂದಾಗ ಚಪ್ಪಾಳೆ ಹೊಡೆದರು.

ಮೊದಲ ಸುತ್ತು ಹುಣಸೆಬೀಜ. ಕೆಇಎಮ್ಮಿನ ನರ್ಸಮ್ಮ ಹೇಳಿಬಿಟ್ಟಳು.
ಎರಡನೆಯದು ಅಂಗಿಯ ಗುಂಡಿ.
ಮೂರನೆಯದಕ್ಕೆ ಪೆಪ್ಪರಮಿಂಟು, ನನ್ನ ಜೇಬಿನಲ್ಲಿ.

ಹೇಗೆ ಹೇಳಲಿ. ಸೆಕೆ. ಊಟ ಬಂದಿರಲಿಲ್ಲ.
ಬೆನ್ನ ಹಿಂದೆ ಅವನು ಕೈ ಚಾಚಿದಾಗ
ನನ್ನ ಬಳಿ ಇದ್ದದ್ದು ಕಾಗದ ಮಾತ್ರ,
ಅದೂ ಒದ್ದೆ.
ತಿರುಗಿದ. ನನ್ನ ಉಬ್ಬಿದ ಕೆನ್ನೆ ಕಂಡ.
ಬರೀ ಗಾಳಿಯ ಮೇಲೆ ಮೆಲ್ಲಗೆ
ಒಂದೊಂದೇ ಬೆರಳು ಮಡಚಿ
ಕೆಮರಾದ ಮುಂದೆ ಎತ್ತಿ ಹಿಡಿದ,
ಒಳಗಿನ ಮರಿ ಹಾರಿಹೋದೀತು ಅನ್ನುವ ಹಾಗೆ.

ತಿನ್ನುವಂಥದ್ದೇ?
ಆಗಲೇ ತಿಂದಾಯಿತು, ನೆನೆಸಿಕೊಂಡರೆ ಸಿಹಿ.
ತೂಕ ಇದೆಯೇ?
ಮನೆಬಾಡಿಗೆ ಕೊಟ್ಟ ಮರುದಿನದಷ್ಟು.
ನನ್ನಲ್ಲೂ ಇದೆಯೇ ಅದು?
ನರ್ಸಮ್ಮ ಕೇಳಿದ ಈ ಪ್ರಶ್ನೆಗೆ ಮಾತ್ರ
ಅವನು ತಡೆದ. ಇದೆ ತಾಯಿ, ಎರಡೂ ಕೈಯಲ್ಲಿ ಇದೆ.
ಹುಡುಗರೆಲ್ಲ ಎದ್ದು ಕೂತರು.
ಎಂಟು ನಿಮಿಷ ಉಸಿರು ಬಿಗಿಹಿಡಿದು
ಲೋಟ ತೊಳೆದು ಬಿರಿದ ತಮ್ಮ ಅಂಗೈಗಳನ್ನು
ತಾವೇ ನೋಡಿಕೊಂಡರು ಕೆಲವರು.
ಯಾರೂ ಹೇಳಲಿಲ್ಲ.
ಟೇಪು ಮುಗಿಯುತ್ತ ಬಂತೆಂದು ಪಡಿಯಾರರು ಕೈ ಬೀಸಿದರು.
ಐತಪ್ಪಣ್ಣ ಮುಷ್ಟಿಯನ್ನು ಕೋಟಿನ ಜೇಬಿಗಿಳಿಸಿ
ಹೇಳಿದ: ಬರುವ ವಾರ ಬಿಚ್ಚುತ್ತೇನೆ.

ವರಳಿಯ ಆಫೀಸಿನಲ್ಲಿ ನೋಡಿದವರು ಕೇಳಿದ್ದು ಒಂದೇ:
ಬಹುಮಾನಕ್ಕೆ ಬರೀ ಕುಕ್ಕರೇ? ಕಾರು ಇಲ್ಲವೇ?
ಬೆಂಗಳೂರಿನವರು ಕೇಳಿದರು, ಈತನ ಕನ್ನಡ ಯಾವ ಕಡೆಯದು?
ಪಡಿಯಾರರು ಸಾಲ ತೀರಿಸಲು ಜೀಪು ಮಾರಿದರು.
ನನ್ನನ್ನು ಅವನು ಬೈಯಲೇ ಇಲ್ಲ.
ಒಮ್ಮೆ ದಾದರಿನಲ್ಲಿ ಅವನ ಬಸ್ಸೇ ಹತ್ತಿದೆ,
ಚಿಲ್ಲರೆ ಮುಷ್ಟಿಯಲ್ಲಿ ಹಿಡಿದು ಕೇಳಿದ, ಏನಿದೆ ಹೇಳು?
ಎಂಟಾಣೆ ಎಂದೆ.
ಟಿಕ್.

ಈಗ ಪಡಿಯಾರರ ಫೋರ್ಟಿನ ಕೋಣೆ ಖಾಲಿ ಮಾಡುವಾಗ
ಟೇಪು ನನ್ನ ಪಾಲಿಗೆ ಬಂತು, ಪುಸ್ತಕದಷ್ಟು ದಪ್ಪ,
ಒಳಗೆ ಬಿಳಿ ಬೂಷ್ಟು.
ಲ್ಯಾಮಿಂಗ್ಟನ್ ರಸ್ತೆಯ ಮೆಟ್ಟಿಲ ಕೆಳಗೆ
ಅದನ್ನು ಓಡಿಸುವ ಯಂತ್ರ ಇಟ್ಟುಕೊಂಡವನೊಬ್ಬನಿದ್ದಾನೆ.
ಗೆರೆ, ಗೆರೆ, ಮತ್ತೆ ಗೆರೆ,
ದನಿ ಪೂರ್ತಿ ಹೋಗಿದೆ,
ಆಮೇಲೆ ನಲವತ್ತು ಸೆಕೆಂಡು ಆ ಮುಷ್ಟಿ.
ಒಳಗೇನಿತ್ತು ಎಂದ ಅಂಗಡಿಯವನು.
ನಾಲಿಗೆ ತಣ್ಣಗಾಯಿತು ನನಗೆ.
ಉಳಿದದ್ದು ತೊಳೆದು ನೋಡಬೇಕು, ಬರುವ ವಾರ ಬನ್ನಿ,
ರಸೀದಿಗೆ ಹೆಸರೇನು ಬರೆಯಲಿ?

ಐತಪ್ಪ ಕುಂದರ್ ಎಂದೆ.
ಅವನು ಏನೋ ಗೀಚಿದ, ಅಜಪ್ಪ ಎಂದೋ, ಅಯ್ಯಪ್ಪ ಎಂದೋ.
ಮೂರು ಸಲ ಹೊಡೆದುಹಾಕಿಸಿ ಬರೆಸಿದೆ.